ಹಿಟ್ಟು ರಾತ್ರಿಯೇ ರುಬ್ಬಿರಬೇಕು

2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಚೆನ್ನೈನ ಜೋಹೋ ಸಂಸ್ಥೆಯ ‘ಅರಟ್ಟೈ’ ಆಪ್‌ಗೆ ಜನ ಇದ್ದಕ್ಕಿದ್ದಂತೆ ಮುಗಿಬಿದ್ದರು. ತಮಿಳಿನ ಅರಟ್ಟೈ ಎಂದರೆ ನಮ್ಮ ಹರಟೆಯೇ. ವಾಟ್ಸ್‌ಆ್ಯಪ್‌ನ ಹಾಗೆ ಸಂದೇಶ ಕಳಿಸಲು, ಕರೆ ಮಾಡಲು ಇರುವ ಈ ಆಪ್ 2021ರಿಂದಲೇ ಇತ್ತು, ಆದರೆ ಹೆಚ್ಚು ಜನರ ಕಣ್ಣಿಗೆ ಬಿದ್ದಿರಲಿಲ್ಲ. ಸ್ವದೇಶಿ ಆಪ್‌ಗಳನ್ನೇ ಬಳಸಿ ಎಂದು ಕೇಂದ್ರ ಸಚಿವರು ಕರೆ ಕೊಟ್ಟ ಮೇಲೆ, ದಿನಕ್ಕೆ 3,000ದಷ್ಟಿದ್ದ ಹೊಸ ನೋಂದಣಿ ಮೂರೇ ದಿನದಲ್ಲಿ 3.5 ಲಕ್ಷಕ್ಕೆ ಏರಿತು. ಈ ಲೆಕ್ಕ ಕೊಟ್ಟವರು ಸಂಸ್ಥಾಪಕ ಶ್ರೀಧರ್ ವೆಂಬು ಅವರೇ. ತುರ್ತಾಗಿ ಸರ್ವರ್‌ಗಳನ್ನು ಸೇರಿಸುತ್ತಿದ್ದೇವೆ, ಜೊತೆಗೆ ಕೋಡ್ ಕೂಡ ತಿದ್ದುತ್ತಿದ್ದೇವೆ ಎಂದೂ ಅವರು ತಿಳಿಸಿದರು. ಓಟಿಪಿ ತಡವಾಗಿ ಬರುವುದು, ಫೋನ್‌ನಲ್ಲಿರುವ ಹೆಸರುಗಳ ಪಟ್ಟಿ ಆಪ್‌ಗೆ ಹೊಂದಿಕೊಳ್ಳಲು ಹೊತ್ತು ಹಿಡಿಯುವುದು ಆ ದಿನಗಳಲ್ಲಿ ಸುದ್ದಿಯಾಯಿತು. ಇಂಥ ಸುದ್ದಿ ಓದಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಈಗೆಲ್ಲ ಕ್ಲೌಡ್ ಕಾಲ, ಜನ ಹೆಚ್ಚಿದಂತೆ ಸರ್ವರ್ ತಾನಾಗಿ ಹೆಚ್ಚಬೇಕಲ್ಲವೇ? ಹೆಚ್ಚುತ್ತದೆ. ಆದರೆ ಆ ‘ತಾನಾಗಿ’ ಎಂಬುದು, ಯಾರೋ ಮೊದಲೇ ಕೂತು ನಾಲ್ಕಾರು ಸಂಖ್ಯೆ ಬರೆದಿಟ್ಟ ಮೇಲಷ್ಟೇ ನಡೆಯುವ ಕೆಲಸ. ಆ ಸಂಖ್ಯೆಗಳನ್ನು ಬರೆಯಲು ಕಂಪ್ಯೂಟರ್ ತಿಳಿದಿದ್ದರೆ ಸಾಲದು, ಬರುವ ಜನ ಹೇಗೆ ಬರುತ್ತಾರೆ ಎಂಬುದು ತಿಳಿದಿರಬೇಕು.

ಇದನ್ನು ಅರಿಯಲು ಚೆನ್ನೈನದೇ ಒಂದು ಹಳೆಯ ಜಾಗ ನೆನೆಯಬಹುದು. ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೋಟೆಲುಗಳಲ್ಲಿ ಒಂದಾದ ಡ್ರೈವ್-ಇನ್, ಕೆಥೀಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆಯಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ತೋಟವಿದೆ. ಅಂಥ ಯಾವುದೇ ಉಡುಪಿ ಹೋಟೆಲಿನಲ್ಲಿ ಬೆಳಗಿನ ಎಂಟು ಗಂಟೆಗೆ ಗಿರಾಕಿಗಳು ನುಗ್ಗಿದರೆ ಮ್ಯಾನೇಜರು ಏನು ಮಾಡಬಹುದು? ಹಿಂದಿನ ಕೋಣೆಯಲ್ಲಿರುವ ಇಬ್ಬರು ಸಪ್ಲೈಯರುಗಳನ್ನು ಕರೆಯಬಹುದು, ಇನ್ನೊಂದು ಕಾವಲಿ ಹೊತ್ತಿಸಬಹುದು. ಆದರೆ ದೋಸೆ ಹಿಟ್ಟು ಮುಗಿದರೆ ಆಗ ನೆನೆಹಾಕಿ, ರುಬ್ಬಿ, ಹುಳಿ ಬರಿಸಲು ಆಗದು. ಅದು ಹಿಂದಿನ ರಾತ್ರಿಯ ಕೆಲಸ. ಸರ್ವರ್‌ಗಳನ್ನು ತಾನಾಗಿ ಹೆಚ್ಚಿಸುವ, ಇಳಿಸುವ ಆಟೋಸ್ಕೇಲಿಂಗ್ ಮಾಡುವುದು ಮ್ಯಾನೇಜರನ ಕೆಲಸವನ್ನೇ. ಬಾಗಿಲಲ್ಲಿ ಜನ ಎಷ್ಟಿದ್ದಾರೆ ಎಂದು ನೋಡುತ್ತದೆ, ಸಪ್ಲೈಯರುಗಳನ್ನು ಕರೆಯುತ್ತದೆ, ಜನ ಕರಗಿದ ಮೇಲೆ ಮನೆಗೆ ಕಳಿಸುತ್ತದೆ. ಹಿಟ್ಟು ಎಷ್ಟು ರುಬ್ಬಬೇಕೆಂದು ಅದಕ್ಕೆ ತಿಳಿಯದು.

ಮೈಕ್ರೋಸಾಫ್ಟ್ 2015ರ ಸೆಪ್ಟೆಂಬರಿನಲ್ಲಿ ಪುಣೆ, ಮುಂಬೈಗಳ ಜೊತೆ ಚೆನ್ನೈನಲ್ಲಿಯೂ ತನ್ನ ಅಜೂರ್ ಕ್ಲೌಡ್ ಕೇಂದ್ರ ತೆರೆಯಿತು. ಅಂಥ ಕ್ಲೌಡ್‌ನಲ್ಲಿ ಆಪ್ ಇಟ್ಟವರ ಮುಂದೆ ಒಂದು ಫಾರಂ ತೆರೆದುಕೊಳ್ಳುತ್ತದೆ. ಕನಿಷ್ಠ ಎಷ್ಟು ಸರ್ವರ್, ಗರಿಷ್ಠ ಎಷ್ಟು, ಹೊರೆ ಶೇಕಡಾ ಎಷ್ಟು ದಾಟಿದರೆ ಹೆಚ್ಚಿಸಬೇಕು, ಒಮ್ಮೆಗೆ ಎಷ್ಟು ಸೇರಿಸಬೇಕು, ಸೇರಿಸಿದ ಮೇಲೆ ಎಷ್ಟು ನಿಮಿಷ ಸುಮ್ಮನಿರಬೇಕು. ಹತ್ತು ನಿಮಿಷದ ಸರಾಸರಿ ಹೊರೆ ಶೇ. 70 ದಾಟಿದರೆ ಒಂದು ಸರ್ವರ್ ಸೇರಿಸು, ಆಮೇಲೆ ಐದು ನಿಮಿಷ ಕಾಯಿ ಎಂಬಂಥ ಸಿದ್ಧ ನಿಯಮ ಅಲ್ಲಿರುತ್ತದೆ, ಅನೇಕರು ಅದನ್ನೇ ಒಪ್ಪಿ ಮುಂದೆ ಹೋಗುತ್ತಾರೆ. ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇನ್ನಷ್ಟು ಚುರುಕಾದ ನಿಯಮವೊಂದನ್ನು ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಸರ್ವರ್‌ಗಳಿವೆ, ಒಂದೊಂದು ಸೆಕೆಂಡಿಗೆ 500 ಕೋರಿಕೆ ತಾಳುತ್ತದೆ, ಒಟ್ಟು 2,000. ಹೊರೆ ಶೇ. 60, ಅಂದರೆ 1,200 ದಾಟಿದರೆ ಹೊಸದನ್ನು ಕರೆಯಬೇಕೆಂದು ಬರೆದಿದ್ದೇವೆ. ಹೊರೆ ಏರಿದ್ದು ಗೊತ್ತಾಗಲು ಒಂದು ನಿಮಿಷ, ಹೊಸ ಸರ್ವರ್ ಎದ್ದು ಸಜ್ಜಾಗಲು ಮೂರು ನಿಮಿಷ. ಜನ ನಿಮಿಷಕ್ಕೆ 200ರಂತೆ ಮೆಲ್ಲಗೆ ಹೆಚ್ಚಿದರೆ ನಾಲ್ಕನೇ ನಿಮಿಷಕ್ಕೆ ಹೊರೆ ಸರಿಯಾಗಿ 2,000 ಮುಟ್ಟುತ್ತದೆ, ಅಷ್ಟರಲ್ಲಿ ಹೊಸ ಸರ್ವರ್ ಬಂದಿರುತ್ತದೆ. ಅದೇ ಜನ ಎರಡು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ? ಒಂದೂವರೆ ನಿಮಿಷಕ್ಕೇ ನಾಲ್ಕೂ ಸರ್ವರ್ ತುಂಬಿರುತ್ತವೆ, ನಾಲ್ಕನೇ ನಿಮಿಷದಲ್ಲಿ ಬಾಗಿಲಲ್ಲಿ 4,800 ಕೋರಿಕೆ ನಿಂತಿರುತ್ತವೆ. ಆಗ ಬಂದ ಒಂದು ಹೊಸ ಸರ್ವರ್ ತಾಳುವುದು ಕೇವಲ 500, ಬೇಕಾಗಿರುವುದು ಆರು. ಇಂಥ ಜನರನ್ನು ಎದುರಿಸಬೇಕೆಂದಿದ್ದರೆ ಹೊರೆ ಶೇ. 25 ಇರುವಾಗಲೇ, ಅಂದರೆ ಮುಕ್ಕಾಲು ಪಾಲು ಖಾಲಿ ಇರುವಾಗಲೇ, ಒಟ್ಟಿಗೆ ಆರನ್ನು ಕರೆದಿರಬೇಕಿತ್ತು. ಸರ್ವರ್, ಆಪ್, ಕೋಡ್ ಎಲ್ಲವೂ ಅವೇ. ಬದಲಾದದ್ದು ಜನ ಬಂದ ರೀತಿಯೊಂದೇ.

ಹೆಚ್ಚಿಸುವುದಕ್ಕಿಂತ ಕಡಿಮೆ ಮಾಡುವುದು ಸುಲಭ ಎಂದು ತೋರುತ್ತದೆ, ಹಾಗೇನಿಲ್ಲ. ಶೇ. 70 ದಾಟಿದರೆ ಸೇರಿಸು, ಶೇ. 60ಕ್ಕಿಂತ ಇಳಿದರೆ ತೆಗೆ ಎಂದು ಬರೆದರೆ, ಶೇ. 75 ಹೊರೆಯಲ್ಲಿರುವ ಎರಡು ಸರ್ವರ್ ಮೂರಾಗುತ್ತವೆ, ಹೊರೆ ಹಂಚಿ ತಲಾ ಶೇ. 50ಕ್ಕೆ ಇಳಿಯುತ್ತದೆ, ಆಗ ಒಂದನ್ನು ತೆಗೆಯಬೇಕಾಗುತ್ತದೆ, ಮತ್ತೆ ಶೇ. 75. ಉಯ್ಯಾಲೆ ನಿಲ್ಲುವುದೇ ಇಲ್ಲ. ಇನ್ನೂ ದೊಡ್ಡ ಪಾಠ ಸಿಕ್ಕಿದ್ದು 2019ರ ಜುಲೈ 10ರಂದು. ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಸೆಮಿಫೈನಲ್, ಕ್ರೀಸಿನಲ್ಲಿ ಚೆನ್ನೈ ಜನ ‘ತಲಾ’ ಎಂದು ಕರೆಯುವ ಧೋನಿ, ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.5 ಕೋಟಿಗೂ ಹೆಚ್ಚು ವೀಕ್ಷಕರು. ಗಪ್ಟಿಲ್ ಎಸೆದ ಚೆಂಡಿಗೆ ಧೋನಿ ರನೌಟ್ ಆದರು. ಕೋಟಿಗಟ್ಟಲೆ ಜನ ಪಂದ್ಯ ಬಿಟ್ಟು ಹೊರಟರು. ವೀಡಿಯೋ ಕಳಿಸುವ ಸರ್ವರ್‌ಗಳ ಹೊರೆ ಕುಸಿಯಿತು, ಆದರೆ ಎಲ್ಲರೂ ಬ್ಯಾಕ್ ಬಟನ್ ಒತ್ತಿ ಬಂದು ಬಿದ್ದದ್ದು ಆಪ್‌ನ ಮುಖಪುಟದ ಮೇಲೆ, ಅಲ್ಲಿನ ಹೊರೆ ಒಮ್ಮೆಲೇ ಏರಿತು. ಒಟ್ಟು ಜನ ಕಡಿಮೆಯಾದರೆಂದು ಮುಖಪುಟದ ಸರ್ವರ್‌ಗಳನ್ನೂ ತೆಗೆದುಬಿಡುವ ನಿಯಮವಿದ್ದಿದ್ದರೆ ಆಪ್ ಅಲ್ಲೇ ಮಲಗುತ್ತಿತ್ತು. ಅಂಥ ಪಂದ್ಯಗಳಿಗೆ ಕ್ಲೌಡ್‌ನ ಮಾಮೂಲಿ ಆಟೋಸ್ಕೇಲಿಂಗ್ ಸಾಲದೆಂದು ತಾವೇ ಬೇರೆ ವ್ಯವಸ್ಥೆ ಕಟ್ಟಿಕೊಂಡಿದ್ದನ್ನೂ, ವೀಕ್ಷಕರ ಸಂಖ್ಯೆ ನೋಡಿ ಮುಂಚಿತವಾಗಿಯೇ ಸರ್ವರ್ ಏರಿಸುತ್ತಿದ್ದುದನ್ನೂ ಹಾಟ್‌ಸ್ಟಾರ್‌ನ ಎಂಜಿನಿಯರುಗಳು ಸಭೆಗಳಲ್ಲಿ ವಿವರಿಸಿದ್ದಾರೆ.

ಸರ್ವರ್ ಸೇರಿಸಿದ ಮಾತ್ರಕ್ಕೆ ಎಲ್ಲ ಸರಿಹೋಗದು, ಅರಟ್ಟೈನ ಹೊಸ ನೋಂದಣಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ 3.5 ಲಕ್ಷ ಎಂದರೆ ಸರಾಸರಿ ಸೆಕೆಂಡಿಗೆ ನಾಲ್ಕು ಜನ, ಕೇಳಲು ಏನೂ ಅಲ್ಲ. ಆದರೆ ಇಂಥ ಆಪ್‌ಗೆ ಸೇರುವ ಒಬ್ಬೊಬ್ಬನಿಗೂ ಓಟಿಪಿ ಹೋಗಬೇಕು. ಅದು ಮೊಬೈಲ್ ಕಂಪನಿಗಳ ದಾರಿಯಲ್ಲಿ ಸಾಗುವ ಎಸ್ಸೆಮ್ಮೆಸ್, ಆಪ್‌ನವರು ಹತ್ತಲ್ಲ ನೂರು ಸರ್ವರ್ ಸೇರಿಸಿದರೂ ಆ ದಾರಿ ಅಗಲವಾಗದು. ಅವನ ಫೋನಿನಲ್ಲಿ ನಾನೂರು ಐನೂರು ನಂಬರುಗಳಿದ್ದರೆ ಅವುಗಳಲ್ಲಿ ಯಾರು ಯಾರು ಮೊದಲೇ ಸೇರಿದ್ದಾರೆಂದು ಹುಡುಕಬೇಕು. ಆ ಹುಡುಕಾಟ ನಡೆಯುವುದು ದತ್ತಾಂಶ ಕೂಡಿಟ್ಟ ಡೇಟಾಬೇಸಿನಲ್ಲಿ, ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ ಅಡುಗೆಮನೆಯಲ್ಲಿ. ಸಪ್ಲೈಯರು ಹತ್ತಿದ್ದವರು ನಲವತ್ತಾದರೆ ನಲವತ್ತೂ ಜನ ಒಂದೇ ಕಿಟಕಿಯಲ್ಲಿ ಕೈಚಾಚುತ್ತಾರೆ, ಭಟ್ಟರು ಮೊದಲಿಗಿಂತ ನಿಧಾನವಾಗುತ್ತಾರೆ. ತಿಳಿಯದೆ ಇಟ್ಟ ಆಟೋಸ್ಕೇಲಿಂಗ್ ಹೀಗೆ ಕಷ್ಟವನ್ನು ಹೆಚ್ಚಿಸಿಬಿಡಬಹುದು. ಸರ್ವರ್ ಸೇರಿಸುವ ಹೊತ್ತಿನಲ್ಲೇ ಕೋಡ್ ಕೂಡ ತಿದ್ದುತ್ತಿದ್ದೇವೆ ಎಂದು ವೆಂಬು ಹೇಳಿದ್ದು ನನಗೆ ಮುಖ್ಯವಾಗಿ ಕಾಣುವುದು ಈ ಕಾರಣಕ್ಕೆ.

ಇಷ್ಟೆಲ್ಲ ತಲೆಬಿಸಿ ಏಕೆ, ಯಾವಾಗಲೂ ಹತ್ತು ಪಟ್ಟು ಸರ್ವರ್ ಇಟ್ಟುಕೊಂಡರಾಯಿತಲ್ಲ ಎಂದು ಕೇಳಬಹುದು. ನಿರ್ಲಕ್ಷಿಸುವಂಥ ಮಾತಲ್ಲ ಅದು, ಆಸ್ಪತ್ರೆಗೋ ಆಂಬುಲೆನ್ಸಿಗೋ ಸಂಬಂಧಿಸಿದ ಸೇವೆಗೆ ಹೆಚ್ಚುವರಿ ಇಟ್ಟುಕೊಳ್ಳಲೇಬೇಕು. ಆದರೆ ಸುಮ್ಮನೆ ಕೂತ ಸರ್ವರ್‌ಗೂ ಬಾಡಿಗೆ ಉಂಟು, ಅದು ಕರೆಂಟು ತಿನ್ನುತ್ತದೆ, ಕಾಯುತ್ತದೆ, ತಣಿಸಲು ಮತ್ತಷ್ಟು ಕರೆಂಟು, ಅನೇಕ ಕಡೆ ನೀರೂ ಬೇಕು. ಇದನ್ನು ಚೆನ್ನೈಗೆ ಬಿಡಿಸಿ ಹೇಳಬೇಕಿಲ್ಲ. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬತ್ತಿ, ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಂಪನಿಗಳು ನೀರಿಲ್ಲದೆ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದ ಊರು ಇದು. ಬೇಡದ ಹೊತ್ತಿನಲ್ಲಿ ಯಂತ್ರ ಓಡಿಸುವುದನ್ನು ಇಂಥ ಊರು ಪುಕ್ಕಟೆ ಎಂದು ಎಣಿಸಲಾರದು.

ಯಂತ್ರವೇ ಕಲಿತು ಮೊದಲೇ ಊಹಿಸುತ್ತದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ, ಇದಕ್ಕೆ ಹೆಚ್ಚು ತೂಕವಿದೆ. ಹಿಂದಿನ ವಾರಗಳ ಏರಿಳಿತ ನೋಡಿ ನಾಳೆಯದನ್ನು ಅಂದಾಜಿಸಿ ಸರ್ವರ್ ಸಜ್ಜು ಮಾಡುವ ವ್ಯವಸ್ಥೆ ದೊಡ್ಡ ಕ್ಲೌಡ್‌ಗಳಲ್ಲಿ ಈಗ ಇದೆ. ದಿನವೂ ಒಂದೇ ಹೊತ್ತಿಗೆ ಜನ ಸೇರುವ ಕಡೆ ಅದು ಚೆನ್ನಾಗಿಯೇ ದುಡಿಯುತ್ತದೆ. ರೈಲ್ವೆಯ ತತ್ಕಾಲ್ ಎಸಿ ಟಿಕೆಟಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11 ಎಂದು ಗಂಟೆಯೇ ನಿಗದಿಯಾಗಿದೆ. ಪೊಂಗಲ್‌ಗೆ ಚೆನ್ನೈ ಬಿಟ್ಟು ಊರಿಗೆ ಹೋಗುವವರು 60 ದಿನ ಮೊದಲು ಬೆಳಿಗ್ಗೆ 8ಕ್ಕೆ ಮುಗಿಬೀಳುತ್ತಾರೆಂದು ಕ್ಯಾಲೆಂಡರೇ ಹೇಳುತ್ತದೆ. ಇಲ್ಲಿ ಊಹೆ ಕೂಡ ಬೇಡ, ಏಳೂಮುಕ್ಕಾಲಿಗೆ ಸರ್ವರ್ ಏರಿಸು ಎಂದು ವೇಳಾಪಟ್ಟಿ ಬರೆದಿಟ್ಟರೆ ಸಾಕು. ಅರಟ್ಟೈಗೆ ಬಂದದ್ದು ಈ ಬಗೆಯ ನೂಕುನುಗ್ಗಲಲ್ಲ. ಹಿಂದೆ ಎಂದೂ ಆಗದ್ದನ್ನು ಹಿಂದಿನ ಅಂಕಿಗಳಿಂದ ಕಲಿಯಲು ಸಾಧ್ಯವಿಲ್ಲ. ಸಚಿವರೊಬ್ಬರ ಕರೆ, ನ್ಯಾಯಾಲಯದ ಒಂದು ತೀರ್ಪು, ಬಂಗಾಳಕೊಲ್ಲಿಯ ಒಂದು ಚಂಡಮಾರುತ ಎಷ್ಟು ಜನರನ್ನು ತರಬಲ್ಲದು ಎಂದು ಯೋಚಿಸಿ, ಅಷ್ಟು ಜನರ ನಕಲಿ ಹೊರೆಯನ್ನು ಬಿಡುವಿನ ದಿನವೊಂದರಲ್ಲಿ ಆಪ್ ಮೇಲೆ ಹೇರಿ, ಮೊದಲು ಮುರಿಯುವುದು ಯಾವುದು ಎಂದು ನೋಡುವವರು ಮನುಷ್ಯರೇ ಆಗಬೇಕು.

ಕೊನೆಗೆ ಆ ಫಾರಂನ ಗರಿಷ್ಠ ಎಂಬ ಚೌಕ. ಎಂಜಿನಿಯರುಗಳು ಅದನ್ನು ತಮ್ಮದೇ ಕೆಲಸವೆಂದುಕೊಂಡು ಒಂದು ಸಂಖ್ಯೆ ತುಂಬುತ್ತಾರೆ, ಆದರೆ ಅಲ್ಲಿ ಬರೆಯುತ್ತಿರುವುದು ಹಣದ ಮತ್ತು ಹೊಣೆಯ ನಿರ್ಧಾರ. ಮಿತಿಯೇ ಇಡದಿದ್ದರೆ ಯಾರೋ ಕಿಡಿಗೇಡಿ ಹರಿಬಿಟ್ಟ ಸುಳ್ಳು ಕೋರಿಕೆಗಳಿಗೂ ಸರ್ವರ್ ಏರುತ್ತಲೇ ಹೋಗುತ್ತದೆ, ತಿಂಗಳ ಕೊನೆಗೆ ಬಿಲ್ಲು ಬರುತ್ತದೆ. ಮಿತಿ ಇಟ್ಟರೆ, ಅದನ್ನು ಮುಟ್ಟಿದ ಕ್ಷಣದಲ್ಲಿ ಯಾರನ್ನು ಹೊರಗೆ ನಿಲ್ಲಿಸುತ್ತೇವೆ, ಅವರಿಗೆ ಪರದೆಯ ಮೇಲೆ ಏನು ತೋರಿಸುತ್ತೇವೆ, ಹಳಬರ ಸಂದೇಶ ಮೊದಲೋ ಹೊಸಬರ ನೋಂದಣಿ ಮೊದಲೋ ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಜೋಹೋದಂತೆ ತನ್ನದೇ ಡೇಟಾ ಸೆಂಟರ್ ನಡೆಸುವ ಸಂಸ್ಥೆಗೆ ಗರಿಷ್ಠ ಎಂಬುದು ಫಾರಂನ ಅಂಕಿಯಷ್ಟೇ ಆಗಿರುವುದಿಲ್ಲ. ಯಂತ್ರಗಳು ಖರೀದಿಯಾಗಿ, ಲಾರಿಯಲ್ಲಿ ಬಂದು, ರ್‍ಯಾಕಿನಲ್ಲಿ ಕೂತು, ತಂತಿ ಬಿಗಿಸಿಕೊಂಡು ಸಿದ್ಧವಾಗಿರಬೇಕು. ಅರಟ್ಟೈನ ದೊಡ್ಡ ಬಿಡುಗಡೆಯನ್ನು ಅವರು ನವೆಂಬರಿಗೆಂದು ಇಟ್ಟುಕೊಂಡಿದ್ದರು. ಜನ ಸೆಪ್ಟೆಂಬರಿನಲ್ಲೇ ಬಂದರು.