ಗೋಖಲೆಯವರ ಹೆಸರು ಅಂಕೋಲೆಗೆ ಬಂದ ಬಗೆ

ಅಂಕೋಲೆಯ ಕಾಲೇಜಿಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರೇಕೆ ಎಂಬ ಪ್ರಶ್ನೆಗೆ ಉತ್ತರವು ಸ್ವಯಂಸೇವೆಯ ಇತಿಹಾಸದಲ್ಲಿದೆ. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರು ಅಲ್ಪ ಜೀವನವೇತನದಲ್ಲಿ ತೃಪ್ತರಾಗಿ ಲೋಕಸೇವೆಗೆ ಆಯುಷ್ಯವನ್ನು ಮುಡಿಪಿಡುತ್ತಿದ್ದರು. ಆ ವ್ರತವನ್ನು ತೊಟ್ಟ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಜಿಲ್ಲೆಯ ಹಳ್ಳಿಗಳಿಗೆ ಪ್ರೌಢಶಾಲೆಗಳನ್ನು ತಂದರು. ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಕಾಲೇಜು ಉದಯಿಸಿತು.

ಕಾರವಾರ, ಅಂಕೋಲೆಗಳ ರೈತ, ಮೀನುಗಾರ ಕುಟುಂಬಗಳಲ್ಲಿ ವೃದ್ಧರ, ಶಿಶುಗಳ ಆರೈಕೆಯ ಭಾರವು ಬಹುಮಟ್ಟಿಗೆ ಹೆಣ್ಣುಮಕ್ಕಳದು. ಅದಕ್ಕೆ ಕೂಲಿಯಿಲ್ಲ, ದಾಖಲೆಯೂ ಇಲ್ಲ. ದೂರದ ಶಾಲೆ ಅಂಥವರಿಗೆ ಮುಚ್ಚಿದ ಬಾಗಿಲು; ಹತ್ತಿರದ ಶಾಲೆ ಮನೆವಾರ್ತೆಯೊಡನೆ ಓದನ್ನೂ ಸಾಧ್ಯಗೊಳಿಸುತ್ತದೆ. ಆದುದರಿಂದ ಟ್ರಸ್ಟಿನ ಚರಿತ್ರೆಯನ್ನು ಬರೆಯುವವರು ವಿಶ್ವಸ್ತರ, ಸ್ವಯಂಸೇವಕರ ಜೊತೆಗೆ ಈ ಮನೆಗಳ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾವು ಭಾವಿಸುತ್ತೇವೆ.