ಎಲುಬು ಒಪ್ಪುವ ಲೇಪ

ಸವೆದ ಸೊಂಟದ ಕೀಲಿಗೆ ಬದಲಾಗಿ ಲೋಹದ ಕೀಲನ್ನು ಜೋಡಿಸುವರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಕೇಳಿರುವರಷ್ಟೆ. ಆದರೆ ಜೀವವಿಲ್ಲದ ಲೋಹವು ಜೀವವುಳ್ಳ ಎಲುಬಿನಲ್ಲಿ ಸಡಿಲದೆ ನಿಲ್ಲುವುದು ಹೇಗೆ? 1960ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರಾದ ಜಾನ್ ಚಾರ್ನ್‌ಲಿಯವರು ಅಕ್ರಿಲಿಕ್ ಸಿಮೆಂಟಿನಿಂದ ಅದನ್ನು ಭದ್ರಪಡಿಸಿದರು. ತರುವಾಯ 1985ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್ ಎಂಬವರು, ಹೈಡ್ರಾಕ್ಸಿಅಪಟೈಟ್ ಎಂಬ ಪಿಂಗಾಣಿ ಜಾತಿಯ ವಸ್ತುವನ್ನು ಲೇಪಿಸಿದ ಕೀಲನ್ನು ಸಿಮೆಂಟಿಲ್ಲದೆಯೇ ಕೂಡಿಸಿದರು.

ಇದು ಕ್ಯಾಲ್ಸಿಯಮ್ ಮತ್ತು ರಂಜಕಗಳ ಸಂಯುಕ್ತ. ಎಲುಬಿನ ಖನಿಜಾಂಶವೂ ಬಹುಮಟ್ಟಿಗೆ ಇದನ್ನೇ ಹೋಲುವುದು. ಇದರ ಪುಡಿಯನ್ನು ಅತ್ಯುಷ್ಣವಾದ ಪ್ಲಾಸ್ಮಾ ಜ್ವಾಲೆಯಲ್ಲಿ ಹಾಯಿಸಿ, ಅರೆಕರಗಿದ ಕಣಗಳನ್ನು ಟೈಟೇನಿಯಮಿನ ಮೇಲೆ ಚಿಮ್ಮಿಸುವರು. ಎಲುಬು ಈ ಲೇಪವನ್ನು ಪರಕೀಯವೆಂದೆಣಿಸದೆ ಅದರ ಮೇಲೆಯೇ ಬೆಳೆದು ಬೆಸೆದುಕೊಳ್ಳುವುದು. ಲೇಪದ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಹೆಚ್ಚಾದರೆ ಬಿರಿದು ಕಳಚೀತು, ತೀರ ತೆಳುವಾದರೆ ಎಲುಬು ಹಿಡಿಯುವ ಮೊದಲೇ ಕರಗೀತು.

ಆದರೂ ಹೊಸದೇ ಎಲ್ಲರಿಗೂ ಮೇಲೆಂದು ಬಗೆಯಲಾಗದು. ಬಿದ್ದು ಸೊಂಟ ಮುರಿದುಕೊಂಡ ವೃದ್ಧೆಯರ ದುರ್ಬಲವಾದ ಎಲುಬು, ಸಿಮೆಂಟಿಲ್ಲದ ಕೀಲನ್ನು ಬಿಗಿಯಾಗಿ ಬಡಿದು ಕೂರಿಸುವಾಗ ಸೀಳುವ ಭಯವುಂಟು. ಅಂಥವರಿಗೆ ಅನೇಕ ವೈದ್ಯರು ಇಂದಿಗೂ ಸಿಮೆಂಟನ್ನೇ ಆರಿಸುವರು. ಆದಕಾರಣ ನಿಮ್ಮ ಮನೆಯ ಹಿರಿಯರಿಗೆ ಇಂಥ ಪ್ರಸಂಗವೊದಗಿದಲ್ಲಿ, ಕೀಲಿನ ಹೊಸತನವನ್ನಲ್ಲ, ಎಲುಬಿನ ಬಲವನ್ನು ಕುರಿತು ವೈದ್ಯರನ್ನು ಮೊದಲು ವಿಚಾರಿಸಬೇಕೆಂದು ನಾವು ಬಿನ್ನವಿಸುತ್ತೇವೆ.