ಮನೆಯಲ್ಲಿ ತಯಾರಿಸಿದ ಬಿಯರ್‌ಗೆ ಎಷ್ಟು ತಂಪು ಸೂಕ್ತ?

ಮನೆಯಲ್ಲಿ ಬಿಯರ್ ತಯಾರಿಸಲು ಬ್ರಿಟನ್ನಿನಲ್ಲಿ ಬೇಕಾಗಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಅಂಕಿತ ಹಾಕಿದ ಕಾನೂನು ಇದಕ್ಕೆ ಹಾದಿ ಮಾಡಿಕೊಟ್ಟಿತು. ಇಂದು ಎರಡೂ ದೇಶಗಳಲ್ಲಿ ಇದೊಂದು ಜನಪ್ರಿಯ ಹವ್ಯಾಸ. ಆದರೆ ವಾರಗಟ್ಟಲೆ ಶ್ರಮಿಸಿ ತಯಾರಿಸಿದ ಪಾನೀಯದ ರುಚಿ, ತಂಪಿನ ಹದ ತಪ್ಪಿದರೆ ಕೊನೆಯ ಗಳಿಗೆಯಲ್ಲಿ ಹಾಳಾಗುತ್ತದೆ.

ತಂಪಿಗೂ ರುಚಿಗೂ ಏನು ಸಂಬಂಧ?

ಅತಿಯಾದ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ. ಸುವಾಸನೆಯ ಅಂಶಗಳು ಆವಿಯಾಗಿ ಮೂಗನ್ನು ತಲುಪುವುದೂ ಕಡಿಮೆಯಾಗುತ್ತದೆ. ಕಾರ್ಖಾನೆಯ ತೆಳು ಲಾಗರ್‌ಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಮಾಲ್ಟ್ ಮತ್ತು ಹಾಪ್ಸ್‌ನ ಸ್ವಾದಕ್ಕಾಗಿಯೇ ತಯಾರಿಸಿದ ಬಿಯರ್ ಮಾತ್ರ ಸಪ್ಪೆ ಎನಿಸುತ್ತದೆ. ಇನ್ನೊಂದೆಡೆ, ಉಷ್ಣತೆ ಏರಿದಂತೆ ಇಂಗಾಲದ ಡೈಆಕ್ಸೈಡ್ ದ್ರವದಲ್ಲಿ ನಿಲ್ಲದು. ನೊರೆ ಉಕ್ಕುತ್ತದೆ, ಮದ್ಯಸಾರದ ಘಾಟು ಮುಂದಾಗುತ್ತದೆ.

ಯಾವುದಕ್ಕೆ ಎಷ್ಟು?

* ತಿಳಿ ಲಾಗರ್, ಗೋಧಿ ಬಿಯರ್: 4ರಿಂದ 7 ಡಿಗ್ರಿ ಸೆಲ್ಸಿಯಸ್
* ಪೇಲ್ ಏಲ್, ಐಪಿಎ: 7ರಿಂದ 10 ಡಿಗ್ರಿ
* ಪೋರ್ಟರ್, ಸ್ಟೌಟ್, ಗಾಢವಾದ ಏಲ್‌ಗಳು: 10ರಿಂದ 13 ಡಿಗ್ರಿ

ಬ್ರಿಟಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆಂಬುದು ತಪ್ಪು ಕಲ್ಪನೆ. ಅಲ್ಲಿನ ಪಬ್‌ಗಳು ಪೀಪಾಯಿಯ ಏಲ್ ಅನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಡುತ್ತವೆ. ಅದು ತಂಪಾಗಿಯೇ ಇರುತ್ತದೆ, ಕೊರೆಯುವುದಿಲ್ಲ ಅಷ್ಟೆ.

ತಂಪಾಗಿಸುವ ಕ್ರಮ

ಮನೆಯ ಬಿಯರ್‌ಗೆ ಸಾಮಾನ್ಯವಾಗಿ ಬಾಟಲಿಯಲ್ಲೇ ನೊರೆ ಹುಟ್ಟುತ್ತದೆ. ತುಂಬುವಾಗ ಬೆರೆಸಿದ ಅಲ್ಪ ಸಕ್ಕರೆಯನ್ನು ಯೀಸ್ಟ್ ಸೇವಿಸಿ ಅನಿಲ ಉತ್ಪಾದಿಸುತ್ತದೆ. ಇದಕ್ಕೆ ಸುಮಾರು 20 ಡಿಗ್ರಿಯಲ್ಲಿ ಎರಡು ಮೂರು ವಾರ ಬೇಕು. ಅದಕ್ಕೂ ಮುನ್ನ ಫ್ರಿಜ್ ಸೇರಿಸಿದರೆ ಯೀಸ್ಟ್ ಜಡವಾಗಿ ಬಿಯರ್‌ನಲ್ಲಿ ನೊರೆ ಬಾರದು.

ಅನಂತರ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಒಂದೆರಡು ದಿನ ಫ್ರಿಜ್‌ನಲ್ಲಿಡಬೇಕು. ಆಗ ಅನಿಲ ದ್ರವದಲ್ಲಿ ಚೆನ್ನಾಗಿ ಕರಗುತ್ತದೆ, ಯೀಸ್ಟ್ ತಳಕ್ಕೆ ಇಳಿಯುತ್ತದೆ. ತಂಪಿಗೆ ಬಿಯರ್ ತುಸು ಮಸುಕಾದರೆ ಭಯ ಬೇಡ. ಪ್ರೋಟೀನ್ ಮತ್ತು ಪಾಲಿಫಿನಾಲ್‌ಗಳು ಒಂದುಗೂಡುವುದರಿಂದ ಹೀಗಾಗುತ್ತದೆ, ಇದರಿಂದ ಅಪಾಯವಿಲ್ಲ.

ಅವಸರದಲ್ಲಿ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಮರೆಯುವುದು ಮಾತ್ರ ಅಪಾಯಕಾರಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ಗಾಜು ಸಿಡಿಯಬಹುದು. ಅದರ ಬದಲು ಬಕೆಟ್‌ನಲ್ಲಿ ಮಂಜುಗಡ್ಡೆ, ನೀರು ಮತ್ತು ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಮುಳುಗಿಸಿಡಬಹುದು. ಬರೀ ಮಂಜುಗಡ್ಡೆಗಿಂತ ಇದು ಬೇಗ ತಂಪಾಗಿಸುತ್ತದೆ, ಏಕೆಂದರೆ ನೀರು ಬಾಟಲಿಯನ್ನು ಎಲ್ಲ ಕಡೆಯಿಂದಲೂ ಆವರಿಸುತ್ತದೆ.

ಸುರಿಯುವಾಗ

ಮಂಜು ಹಿಡಿದ ಗ್ಲಾಸ್ ನೋಡಲು ಚೆಂದ; ಆದರೆ ಅದರ ಹಿಮ ಕರಗಿ ಬಿಯರ್ ತೆಳುವಾಗುತ್ತದೆ. ಜಿಡ್ಡು, ಸೋಪಿನ ಅಂಶಗಳಿಲ್ಲದ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದರೆ ಸಾಕು. ನಿಧಾನವಾಗಿ, ನಡುವೆ ನಿಲ್ಲಿಸದೆ ಸುರಿದು, ತಳದ ಒಂದು ಬೆರಳಿನಷ್ಟನ್ನು ಯೀಸ್ಟ್ ಸಮೇತ ಬಾಟಲಿಯಲ್ಲೇ ಉಳಿಸಬೇಕು. ಫ್ರಿಜ್‌ನ ಸ್ಟೌಟ್ ಅನ್ನು ಇಪ್ಪತ್ತು ನಿಮಿಷ ಮೊದಲೇ ಹೊರತೆಗೆಯುವುದು ಒಳಿತು. ಸೆಕೆಯ ದಿನಗಳಲ್ಲಿ ಅಷ್ಟು ಹೊತ್ತು ಬೇಕಿಲ್ಲ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಈ ಹವ್ಯಾಸ ಅದಕ್ಕೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಸಾಧ್ಯ. ಆದರೆ ತಂಪಿನ ಈ ಲೆಕ್ಕ ಬೆಂಗಳೂರಿನ ಮೈಕ್ರೊಬ್ರೂವರಿಗಳ ಬಿಯರ್‌ಗೂ ಅನ್ವಯಿಸುತ್ತದೆ. ಅಲ್ಲಿ ತೀರಾ ತಣ್ಣಗಿನ ಸ್ಟೌಟ್ ಕೈಗೆ ಬಂದರೆ, ಕೆಲ ನಿಮಿಷ ಕಾದು ಕುಡಿದಾಗ ಅದರ ನಿಜವಾದ ರುಚಿ ತಿಳಿಯುತ್ತದೆ.